ಇಂಚಕ್ಕ ಹುಲ್ಲಿಗೆ ಗೊಬ್ಬರ ಹಾಕಿದ್ದು

ಆ ಬೀದಿಯಲ್ಲಿ ಅವಳಿಗೆ ಇಂಚಕ್ಕ ಅಂತಲೇ ಹೆಸರು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬೆಚ್ಚಗೆ ಮಲಗಿತ್ತು; ಅದನ್ನು ಎಬ್ಬಿಸುವ ತಾಪತ್ರಯಕ್ಕೆ ಯಾರೂ ಹೋಗುತ್ತಿರಲಿಲ್ಲ. ಅವಳು ಟೈಲರು. ಬಟ್ಟೆ ಹೊಲಿಸಲು ಯಾರೇ ಬರಲಿ, ಟೇಪು ಸುತ್ತಿ, ತಲೆ ಓರೆ ಮಾಡಿ, "ಒಳಗಡೆ ಒಂದಿಂಚು ಬಿಟ್ಟಿರ್ತೀನಿ, ಮುಂದಕ್ಕೆ ಬೇಕಾಗುತ್ತೆ" ಅನ್ನುತ್ತಿದ್ದಳು. ಯಾರ ಮೈಯೂ ಇದ್ದ ಹಾಗೇ ಇರುವುದಿಲ್ಲ ಎಂಬುದು ಅವಳ ಕಸುಬಿನ ವೇದಾಂತ. ವರ್ಷ ಕಳೆದು ಅದೇ ಗಿರಾಕಿ ಅದೇ ಅಂಗಿ ಹಿಡಿದುಕೊಂಡು ನಾಚುತ್ತಾ ಬಂದರೆ, ಒಳಹೊಲಿಗೆ ಬಿಚ್ಚಿ ಆ ಒಂದಿಂಚನ್ನು ಹೊರಗೆ ತೆಗೆದುಕೊಡುತ್ತಿದ್ದಳು. ದಪ್ಪಗಾಗಿದ್ದೀರಿ ಎಂದು ಅಪ್ಪಿತಪ್ಪಿಯೂ ಬಾಯಿ ಬಿಡುತ್ತಿರಲಿಲ್ಲ. ಬಟ್ಟೆ ಹೊಲಿಯುವವರು ಬೇಕಾದಷ್ಟು ಜನ ಸಿಗುತ್ತಾರೆ, ಮಾನ ಮುಚ್ಚುವವರು ಸಿಗುವುದು ಕಷ್ಟ.

ಅವಳದು ಇನ್ನೊಂದು ಗುಣ. ಕೈ ತಪ್ಪಿದರೆ ಮುಚ್ಚಿಡುವುದು ಗೊತ್ತಿರಲಿಲ್ಲ. ಒಂದು ಸಲ ವಕೀಲರೊಬ್ಬರ ಕೋಟಿನ ಎಡತೋಳು ಕೂದಲೆಳೆಯಷ್ಟು ತಿರುಚಿಕೊಂಡಿತ್ತು. ವಕೀಲರು ಕನ್ನಡಿಯಲ್ಲಿ ನೋಡಿಕೊಂಡು ಸಂತೋಷವಾಗಿ ಹೊರಟೇಬಿಟ್ಟಿದ್ದರು. ಇವಳು ಬರಿಗಾಲಲ್ಲಿ ಬೀದಿಯ ತುದಿಯವರೆಗೂ ಓಡಿ, "ಸಾರ್, ತಪ್ಪಾಯ್ತು, ಬಿಚ್ಚಿಕೊಡಿ, ಮತ್ತೆ ಹೊಲೀತೀನಿ" ಎಂದು ನಡುಬೀದಿಯಲ್ಲೇ ಅವರ ಕೋಟು ಕಳಚಿಸಿಕೊಂಡು ಬಂದಳು. ಪಾಪ ವಕೀಲರು ಅವತ್ತು ಒಂದು ಸಣ್ಣ ಸುಳ್ಳಿನಿಂದ ಎಷ್ಟು ಕೆಲಸ ಉಳಿಯುತ್ತಿತ್ತು ಎಂದು ಅವಳಿಗೆ ವಿವರಿಸಲು ನೋಡಿದರಂತೆ. ಅವಳಿಗೆ ಅರ್ಥವಾಗಲಿಲ್ಲ.

ಇಂಥವಳು ಹುಲ್ಲಿಗೆ ಗೊಬ್ಬರ ಹಾಕಲು ಹೋಗಿ ಪಟ್ಟ ಪಾಡಿನ ಕತೆ ಇದು.

ಒಂದೇ ಕಾಂಪೌಂಡು, ಎರಡು ಮನೆ. ಮುಂದಿನ ದೊಡ್ಡ ಮನೆ ಭಾವನದು, ಅಂದರೆ ಅವಳ ಗಂಡನ ಅಣ್ಣನದು. ಪಕ್ಕಕ್ಕೆ ಸರಿದು ನಿಂತ ಚಿಕ್ಕ ಮನೆ ಇಂಚಕ್ಕನದು. ಎರಡು ಮನೆಗೂ ಎದುರಾಗಿ, ಗೇಟಿನವರೆಗೂ ಹಾಸಿಕೊಂಡಿದ್ದದ್ದು ಹುಲ್ಲು. ಅದನ್ನು ಬೆಳೆಸಿದವಳು ಭಾವನ ಹೆಂಡತಿ, ಇಂಚಕ್ಕನ ಓರಗಿತ್ತಿ, ಎಲ್ಲರ ಬಾಯಲ್ಲೂ ದೊಡ್ಡಕ್ಕ. ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು. ನಿವೃತ್ತಿಯಾದರೂ ಗಂಟಲು ನಿವೃತ್ತಿಯಾಗಿರಲಿಲ್ಲ. ಇಟ್ಟಿಗೆ ಚೂರು, ಗಾಜಿನ ಚೂರು ತುಂಬಿದ್ದ ನೆಲವನ್ನು ಅವಳೇ ಅಗೆದು, ಸೋಸಿ, ಹಬ್ಬುವ ಜಾತಿಯ ಹುಲ್ಲಿನ ಕುಡಿಗಳನ್ನು ಒಂದೊಂದಾಗಿ ನೆಟ್ಟು ಬೆಳೆಸಿದ್ದಳು. ಹುಲ್ಲು ಅವಳ ಮಾತು ಕೇಳುತ್ತಿತ್ತು. ಗಂಡ ಕೇಳುತ್ತಿದ್ದನೋ ಇಲ್ಲವೋ, ಅದು ಅವರವರ ಮನೆಯ ವಿಷಯ.

ಆ ಹುಲ್ಲಿನ ಕೆಲಸಕ್ಕೆ ಮಾತ್ರ ದೊಡ್ಡಕ್ಕ ಯಾರನ್ನೂ ಸೇರಿಸುತ್ತಿರಲಿಲ್ಲ. ಇಂಚಕ್ಕ ಮದುವೆಯಾಗಿ ಬಂದ ಹೊಸದರಲ್ಲಿ ಸಹಾಯ ಮಾಡೋಣವೆಂದು ನೀರಿನ ಪೈಪು ಹಿಡಿದಾಗ, "ಅದು ನಿಂಗೆ ತಿಳಿಯಲ್ಲ, ಬಿಡು" ಅಂದಿದ್ದಳು. ಅವತ್ತು ಬಿಟ್ಟ ಪೈಪನ್ನು ಇಂಚಕ್ಕ ಮತ್ತೆ ಮುಟ್ಟಿರಲಿಲ್ಲ. ಆದರೆ ಮಿಷನ್ನನ್ನು ಮಾತ್ರ ಹುಲ್ಲು ಕಾಣುವ ಕಿಟಕಿಗೇ ಹಾಕಿಸಿಕೊಂಡಳು. ಕಪ್ಪು ಬಟ್ಟೆಗೆ ಕಪ್ಪು ದಾರ ಹೊಲಿದು ಹೊಲಿದು ಕಣ್ಣು ಉರಿ ಬಂದಾಗ ತಲೆಯೆತ್ತಿ ಆ ಹಸಿರನ್ನು ನೋಡುತ್ತಿದ್ದಳು. ಕಣ್ಣಿನ ಡಾಕ್ಟರು ಪ್ರತಿ ಸಲವೂ, "ಈ ಕಸುಬು ಮಾಡಿಯೂ ನಿಮ್ಮ ಕಣ್ಣು ಹೇಗೆ ಇಷ್ಟು ಚೆನ್ನಾಗಿದೆ?" ಎಂದು ಕೇಳುತ್ತಿದ್ದರು. "ನಮ್ಮ ಓರಗಿತ್ತಿ ಹುಲ್ಲು ಬೆಳೆಸ್ತಾರೆ" ಅನ್ನುತ್ತಿದ್ದಳು. ಡಾಕ್ಟರು ಇನ್ನೇನೂ ಕೇಳುತ್ತಿರಲಿಲ್ಲ.

ಹೀಗಿರುವಾಗ ದೊಡ್ಡಕ್ಕ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಒಳಗೆ ಉಕ್ಕಿನ ತುಂಡು ಹಾಕಿದರು, ಮನೆಗೆ ಕಳಿಸಿದರು. ನಡೆಯುವುದಕ್ಕೆ ಬಹಳ ತಿಂಗಳು ಬೇಕು, ಅಲ್ಲಿಯವರೆಗೆ ಗಾಲಿ ಕುರ್ಚಿ ಅಂದರು. ಮುಂದಿನ ಕೋಣೆಯ ಕಿಟಕಿಯ ಪಕ್ಕ ಮಂಚ ಹಾಕಿದರು. ಕಿಟಕಿಯಾಚೆ ಹುಲ್ಲು ಬಿಸಿಲಿಗೆ ಬಣ್ಣ ಕಳೆದುಕೊಂಡು ಹಳೇ ಗೋಣಿಯ ಹಾಗೆ ಆಗುತ್ತಿತ್ತು. ನೀರು ಹಾಕುವವರಿರಲಿಲ್ಲ, ಗೊಬ್ಬರ ಕೊಡುವವರಿರಲಿಲ್ಲ.

ಭಾವ ಇನ್ಶೂರೆನ್ಸ್ ಆಫೀಸಿನಲ್ಲಿ ದುಡಿದು ಬಂದವರು. ಇಡೀ ಜಗತ್ತಿನಲ್ಲಿ ಅವರಿಗೆ ಕಾಣುತ್ತಿದ್ದದ್ದು ಬರೀ ಅಪಾಯ. ಒಂದು ಸಂಜೆ ಹೆಂಡತಿಯ ಮಂಚದ ಬಳಿ ಕೂತು, ತಮ್ಮ ಮತ್ತು ಇಂಚಕ್ಕ ಇಬ್ಬರೂ ಇದ್ದಾಗಲೇ ಹೇಳಿದರು: "ನೋಡು, ಇನ್ನು ಆ ಹುಲ್ಲು ನೋಡ್ಕೊಳ್ಳೋಕೆ ನಿನ್ನ ಕೈಲಿ ಆಗಲ್ಲ. ಗಾಲಿ ಕುರ್ಚಿ ಹುಲ್ಲಲ್ಲಿ ಹೋಗಲ್ಲ, ಹೂತ್ಕೊಳ್ಳುತ್ತೆ. ಎಲ್ಲಾ ಕಿತ್ತು ಸಿಮೆಂಟ್ ಹಾಕಿಸ್ಬಿಡ್ತೀನಿ. ಮೇಸ್ತ್ರಿಗೆ ಹೇಳಿದೀನಿ, ಕೈಲಿರೋ ಕೆಲಸ ಮುಗಿಸ್ಕೊಂಡು ಬರ್ತಾನೆ." ಹೆಂಡತಿಯ ಮೇಲಿನ ಪ್ರೀತಿಯಿಂದಲೇ ಹೇಳಿದ ಮಾತು, ಅದರಲ್ಲಿ ಅನುಮಾನವಿಲ್ಲ. ಕಾರು ನಿಲ್ಲಿಸಲೂ ಜಾಗವಾಗುತ್ತದೆ ಅನ್ನುವುದನ್ನು ಮಾತ್ರ ಅವರು ಹೇಳಲಿಲ್ಲ.

ಸಿಡಿಲು ಬೀಳುತ್ತದೆಂದು ಇಂಚಕ್ಕ ಕಾದಳು. ದೊಡ್ಡಕ್ಕ ಗೋಡೆಯ ಕಡೆ ಮುಖ ತಿರುಗಿಸಿಕೊಂಡು, "ನಿಮ್ಮಿಷ್ಟ" ಅಂದಳು.

ಆ ಬಾಯಿಂದ ಆ ಮಾತು ಇಂಚಕ್ಕ ಎಂದೂ ಕೇಳಿರಲಿಲ್ಲ. ಇಷ್ಟು ವರ್ಷ ಆ ಗಂಟಲಿಗೆ ಹೆದರಿಕೊಂಡು ಬಾಳಿದ್ದವಳಿಗೆ ಈಗ ಆ ಗಂಟಲು ಇಲ್ಲವಾದದ್ದಕ್ಕೆ ಹೆದರಿಕೆಯಾಯಿತು. ಮುರಿದಿರುವುದು ಸೊಂಟ ಒಂದೇ ಅಲ್ಲ ಅನ್ನಿಸಿತು. ಭಾವನೆದುರು ಹೆಚ್ಚು ಮಾತಾಡಿ ಅಭ್ಯಾಸವಿಲ್ಲದವಳು, "ಭಾವ, ಮೇಸ್ತ್ರಿ ಬರೋತನಕ ನಾನು ನೋಡ್ಕೋತೀನಿ" ಅಂದುಬಿಟ್ಟಳು. "ಹಸಿರಾದ್ರೆ ಇರ್ಲಿ. ಆಗ್ದೇ ಇದ್ರೆ ಕೀಳಿಸಿ."

"ನಿಂಗೆ ಹುಲ್ಲಿನ ವಿಷಯ ಏನಮ್ಮ ಗೊತ್ತು?" ಎಂದರು ಭಾವ.

"ಏನೂ ಗೊತ್ತಿಲ್ಲ" ಅಂದಳು ಇಂಚಕ್ಕ. ನಿಜ ಹೇಳುವ ಚಟ ಅವಳನ್ನು ಅಲ್ಲೂ ಬಿಡಲಿಲ್ಲ.

ಮಾರನೆಯ ದಿನ ಅವಳು ಮಾಡಿದ ಮೊದಲ ಕೆಲಸ ಅಳತೆ ತೆಗೆದುಕೊಂಡದ್ದು. ಬೀದಿಯವರೆಲ್ಲ ನೋಡುತ್ತಿರುವಾಗಲೇ ಟೇಪು ಹಿಡಿದು ಹುಲ್ಲಿನ ಉದ್ದ ಅಳೆದಳು, ಅಗಲ ಅಳೆದಳು, ನಲ್ಲಿಯ ಕಟ್ಟೆಯ ಸುತ್ತಳತೆ ತೆಗೆದು ಲೆಕ್ಕದಿಂದ ಕಳೆದಳು, ಗೇಟಿನ ಬಳಿ ಓರೆಯಾಗಿ ಕತ್ತರಿಸಿದಂತಿದ್ದ ಮೂಲೆಯನ್ನು ಬೇರೆಯಾಗಿ ಅಳೆದಳು. ಬಸ್ ಓಡಿಸುವ ಅವಳ ಗಂಡ ಡ್ಯೂಟಿಗೆ ಹೊರಟವನು ನಿಂತು, "ಏನು, ಹುಲ್ಲಿಗೆ ಕೋಟು ಹೊಲೀತೀಯಾ?" ಎಂದ. "ನಿಮ್ಮ ಬಸ್ಸಿಗೂ ಒಂದು ಹೊಲೀತೀನಿ, ಹೋಗ್ರಿ" ಅಂದಳು.

ಗೊಬ್ಬರದ ಅಂಗಡಿಯಲ್ಲಿ ಮೂಟೆಗಳ ಹಿಂದೆ ಕೂತಿದ್ದ ಅಂಗಡಿಯವನು, "ಎಷ್ಟು ಎಕರೆ ಅಕ್ಕಾ?" ಎಂದು ಕೇಳಿದ. ಇಂಚಕ್ಕ ಅಡಿಗಳಲ್ಲಿ ಲೆಕ್ಕ ಒಪ್ಪಿಸಿದಳು. ನಲ್ಲಿಯ ಕಟ್ಟೆ ಕಳೆದದ್ದನ್ನೂ ಹೇಳಿದಳು. ಅಂಗಡಿಯವನು ಎದ್ದು ನಿಂತ. ಕೈಯಗಲಿಸಿ "ಇಷ್ಟು ಜಾಗ" ಎಂದು ತೋರಿಸುವವರನ್ನೇ ನೋಡಿದ್ದವನಿಗೆ ಇದು ಹೊಸದು. ಒಂದರ ಪಕ್ಕ ಒಂದು ಚೀಲ ತಂದಿಟ್ಟ. ಪ್ರತಿ ಚೀಲದ ಮೇಲೂ ದಪ್ಪಕ್ಷರದಲ್ಲಿ ಮೂರು ಅಂಕಿಗಳಿದ್ದವು.

ಮೂರು ಅಂಕಿ ಒಟ್ಟಿಗೆ ಕಂಡರೆ ಇಂಚಕ್ಕನಿಗೆ ಗೊತ್ತಿದ್ದದ್ದು ಒಂದೇ ಅರ್ಥ. "ಎದೆ, ಸೊಂಟ, ಕೆಳಸುತ್ತು?" ಎಂದು ಕೇಳಿದಳು.

ಅಂಗಡಿಯವನು ಗಂಟಲು ಸರಿಮಾಡಿಕೊಂಡು ಬೀದಿಯ ಕಡೆ ನೋಡಿದ. ಆಮೇಲೆ ನಗು ತಡೆಯಲಾಗದೆ, "ಹಂಗೇ ಇಟ್ಕೊಳಿ ಅಕ್ಕಾ" ಅಂದ. "ಮೊದಲ್ನೇದು ಸಾರಜನಕ, ಎಲೆಗೆ ಹಸಿರು ಕೊಡುತ್ತೆ. ಎರಡನೇದು ರಂಜಕ, ಬೇರು ಹಿಡಿಯೋಕೆ. ಮೂರನೇದು ಪೊಟ್ಯಾಷ್, ಬಿಸಿಲು ತಡ್ಕೊಳ್ಳೋ ಶಕ್ತಿ. ಹೊಸ ಹುಲ್ಲಾ, ಹಳೇದಾ?"

"ನಾನು ಮದುವೆ ಆಗಿ ಬಂದಾಗಿಂದ ಇದೆ."

"ಹಂಗಾದ್ರೆ ಬೇರು ಗಟ್ಟಿ ಇರುತ್ತೆ. ಸೊಂಟ ಸಣ್ಣ ಇದ್ರೂ ಪರ್ವಾಗಿಲ್ಲ. ಎದೆ ದೊಡ್ಡದಿರ್ಲಿ, ಕೆಳಸುತ್ತು ಸುಮಾರಾಗಿರ್ಲಿ." ಅವನೂ ಈಗ ಟೈಲರ್ ಭಾಷೆಗೆ ಇಳಿದಿದ್ದ. "ಅದ್ರಲ್ಲೂ ಎರಡು ಥರ ಇದೆ. ಇದು ಬೇಗ ಕರಗೋದು, ವಾರದಲ್ಲೇ ಹಸಿರು ಕಾಣುತ್ತೆ. ಇದು ನಿಧಾನಕ್ಕೆ ಕರಗೋದು, ತಿಂಗಳುಗಟ್ಲೆ ಸ್ವಲ್ಪ ಸ್ವಲ್ಪ ಊಟ ಹಾಕುತ್ತೆ. ನನ್ನ ಕೇಳಿದ್ರೆ ನಿಧಾನದ್ದೇ ತಗೊಳಿ. ಗೊಬ್ಬರ ಅಂದ್ರೆ ಒಂಥರಾ ಉಪ್ಪು ಇದ್ದಂಗೆ ಅಕ್ಕಾ. ಬೇಗ ಕರಗೋದು ಒಂದು ಕೈ ಹೆಚ್ಚು ಬಿದ್ರೆ ಹುಲ್ಲು ಸುಟ್ಟೋಗುತ್ತೆ."

"ಮೇಸ್ತ್ರಿ ಬರೋದ್ರೊಳಗೆ ಹಸಿರಾಗ್ಬೇಕಪ್ಪಾ" ಅಂದಳು ಇಂಚಕ್ಕ. ಬೇಗ ಕರಗುವುದನ್ನೇ ತೆಗೆದುಕೊಂಡಳು. ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುತ್ತಾರೆ, ಆತುರಗಾರ್ತಿಗೂ ಅಷ್ಟೇ. ಅಂಗಡಿಯವನು ಅವಳ ಅಳತೆಗೆ ಎಷ್ಟು ಬೇಕೋ ಅಷ್ಟೇ ತೂಗಿಕೊಟ್ಟು, ಹುಲ್ಲಿನ ಎಲೆ ಒಣಗಿರುವಾಗ ಉದುರಿಸಬೇಕು, ಉದುರಿಸಿದ ಮೇಲೆ ಚೆನ್ನಾಗಿ ನೀರು ಕೊಡಬೇಕು ಎಂದು ಹೇಳಿ ಕಳಿಸಿದ.

ಇನ್ನು ಆ ಬೆಳಗ್ಗೆ ಅವಳು ಕೆಲಸ ಮಾಡಿದ ಚೆಂದವನ್ನು ಹೇಳಬೇಕು, ಏಕೆಂದರೆ ಅದು ನಿಜವಾಗಿಯೂ ಚೆಂದವಾಗಿತ್ತು. ಸಣ್ಣ ಸಣ್ಣ ಗೂಟ ನೆಟ್ಟು, ಬಿಳಿ ದಾರ ಎಳೆದು, ಹುಲ್ಲನ್ನು ಉದ್ದುದ್ದ ಪಟ್ಟಿಗಳಾಗಿ ಭಾಗ ಮಾಡಿದಳು. ಗೊಬ್ಬರವನ್ನೂ ಪಟ್ಟಿಗೊಂದರಂತೆ ಪಾಲು ಮಾಡಿ ಡಬ್ಬಿಗಳಿಗೆ ತುಂಬಿದಳು. ಇಡೀ ಬೀದಿಯಲ್ಲಿ ಗೊಬ್ಬರವನ್ನು ಕೋಳಿಗೆ ಕಾಳು ಎರಚುವ ಹಾಗೆ ಎರಚುವವರೇ ಎಲ್ಲ. ಹೀಗೆ ಒಪ್ಪವಾಗಿ ಕೆಲಸ ಮಾಡಿದವರನ್ನು ಯಾರೂ ಕಂಡಿರಲಿಲ್ಲ. ಬಗ್ಗಿ, ಕೈಯನ್ನು ನೆಲದ ಹತ್ತಿರ ಹಿಡಿದು, ಬೆರಳ ಸಂದಿನಿಂದ ಹರಳುಗಳನ್ನು ಉದುರಿಸುತ್ತಾ, ಮಿಷನ್ನಿನ ಕೆಳಗೆ ಬಟ್ಟೆ ಸರಿದಷ್ಟು ಸಮನಾಗಿ ಸರಿದಳು. ಒಂದು ಪಟ್ಟಿ ಮುಗಿಯಿತು. ಎರಡನೆಯ ಪಟ್ಟಿ ಶುರು ಮಾಡುವಾಗ ಅವಳ ಕೈ, ಯಾರನ್ನೂ ಕೇಳದೆ, ಅಭ್ಯಾಸಬಲದಿಂದ, ಮೊದಲನೆಯ ಪಟ್ಟಿಯ ಒಳಗೆ ಒಂದು ಕೈಯಗಲ ಹಿಂದಕ್ಕೆ ಸರಿದು ಅಲ್ಲಿಂದ ಉದುರಿಸಲು ತೊಡಗಿತು.

ಎರಡು ತುಂಡು ಬಟ್ಟೆ ಸೇರಿಸಬೇಕಾದರೆ ಒಂದರ ಮೇಲೊಂದು ಅಂಚು ಕೂರಲೇಬೇಕಲ್ಲ. ಮಾರ್ಜಿನ್ ಬಿಡದೆ ಹೊಲಿದರೆ ಮೊದಲ ಒಗೆತಕ್ಕೇ ಬಿಟ್ಟುಕೊಳ್ಳುತ್ತದೆ. ಜೀವನವಿಡೀ ಆ ಕೈ ಕಲಿತದ್ದು ಅದನ್ನೇ.

ಪಟ್ಟಿ ಮುಗಿಯುವ ಮೊದಲೇ ಡಬ್ಬಿ ಖಾಲಿಯಾಗಿ, ಮುಂದಿನ ಡಬ್ಬಿಗೆ ಕೈ ಹಾಕುತ್ತಾ ಹಾಕುತ್ತಾ, ಕೊನೆಯ ಪಟ್ಟಿಗೆ ಬರುವಷ್ಟರಲ್ಲಿ ಗೊಬ್ಬರ ಮುಗಿದಿತ್ತು. ಬಟ್ಟೆ ಸಾಲದೆ ಬಂದರೆ ಕತ್ತರಿಸಿದ್ದು ತಪ್ಪು ಎಂದು ಅವಳಿಗೆ ಗೊತ್ತಿರದ ವಿಷಯವಲ್ಲ. ಆದರೆ ಅವತ್ತು ಹೊಳೆಯಲಿಲ್ಲ. "ತೂಕದಲ್ಲಿ ಮೋಸ ಮಾಡಿದ್ದಾನೆ ಖದೀಮ" ಎಂದು ಅಂಗಡಿಯವನನ್ನು ಬೈದುಕೊಂಡು, ಹೋಗಿ ಇನ್ನೊಂದಿಷ್ಟು ತಂದು ಪಟ್ಟಿ ಪೂರೈಸಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಮೇಲೆ ನೀರು. ಇಸ್ತ್ರಿ ಹಾಕುವ ಮುಂಚೆ ಬಟ್ಟೆಗೆ ಚಿಮುಕಿಸುವ ಹಾಗೆ ಹದವಾಗಿ, ಎಲ್ಲ ಕಡೆಗೂ ಸಮನಾಗಿ, ಮೇಲ್ಮೇಲೆ ಮಾತ್ರ ನೀರು ಚಿಮುಕಿಸಿದಳು. ಕಿಟಕಿಯೊಳಗೆ ದೊಡ್ಡಕ್ಕ ನೋವಿನ ಮಾತ್ರೆ ನುಂಗಿ ಗೋಡೆ ಕಡೆ ತಿರುಗಿ ನಿದ್ದೆ ಹೋಗಿದ್ದಳು. ಎಚ್ಚರವಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಕೆಲವು ದಿನ ಕಳೆದು ಒಂದು ಬೆಳಗ್ಗೆ ಬಾಗಿಲು ತೆರೆದರೆ, ಹುಲ್ಲಿನ ಮೇಲೆ ಗೇಟಿನಿಂದ ಮನೆಯವರೆಗೆ ಗೆರೆ ಎಳೆದಂತೆ ಒಣಗಿದ ಪಟ್ಟೆಗಳು. ನಡುನಡುವೆ ಗಾಢ ಹಸಿರು, ಅದರ ಪಕ್ಕಕ್ಕೆ ಸುಟ್ಟ ಹಳದಿ, ಮತ್ತೆ ಹಸಿರು, ಮತ್ತೆ ಹಳದಿ. ಗಂಡ ಹಲ್ಲುಜ್ಜುತ್ತಾ ಹೊರಬಂದವನು ಬ್ರಷ್ಷನ್ನು ಬಾಯಿಂದ ತೆಗೆದು, "ಏನೇ ಇದು, ಹುಲ್ಲಿಗೆ ಪಟ್ಟಾಪಟ್ಟಿ ಚಡ್ಡಿ ಹಾಕ್ಸಿದ್ದೀಯಾ!" ಎಂದ.

ಅವಳು ನಗಲಿಲ್ಲ. ಪಟ್ಟೆಯ ಪಕ್ಕ ಕೂತು ಅದರ ಅಗಲಕ್ಕೆ ತನ್ನ ಅಂಗೈ ಇಟ್ಟು ನೋಡಿದಳು. ಸರಿಯಾಗಿ ಒಂದು ಕೈಯಗಲ. ಎರಡು ಪಟ್ಟಿ ಸೇರಿದ ಕಡೆಯೆಲ್ಲ ಎರಡು ಪಾಲು ಬಿದ್ದಿತ್ತು. ಒಂದು ತಪ್ಪಿದ್ದರೆ ಸಮಾಧಾನ. ಇಲ್ಲಿ ಗೋಡೆಯಿಂದ ಗೋಡೆಯವರೆಗೆ ಅಷ್ಟೂ ಅವಳದೇ ಹೊಲಿಗೆ. ತೂಕದಲ್ಲಿ ಮೋಸವಾಗಿರಲಿಲ್ಲ. ನೀರನ್ನೂ ಇಸ್ತ್ರಿಗೆ ಚಿಮುಕಿಸಿದಂತೆ ಚಿಮುಕಿಸಿದ್ದರಿಂದ ಗೊಬ್ಬರ ಕೆಳಗಿಳಿಯದೆ ಬೇರಿನ ಕುತ್ತಿಗೆಯಲ್ಲೇ ನಿಂತು ಸುಟ್ಟಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅವಳು ಎದ್ದು ನೇರವಾಗಿ ದೊಡ್ಡಕ್ಕನ ಕೋಣೆಗೆ ಹೋದಳು. ಇಂಥ ಹೊತ್ತಿನಲ್ಲಿ ನಾವು ನೀವಾಗಿದ್ದರೆ ಮೊದಲು ಹುಳ, ಬಿಸಿಲು, ಅಂಗಡಿಯವನು ಎಂದು ಒಂದಿಷ್ಟು ಕಾರಣಗಳನ್ನು ಹುಡುಕಿಕೊಳ್ಳುತ್ತಿದ್ದೆವು. ಅವಳು ಮಂಚದ ಪಕ್ಕ ನಿಂತು, "ಅಕ್ಕಾ, ತಪ್ಪಾಯ್ತು" ಅಂದಳು. ಅದರ ಮುಂದಿನ ಮಾತು ಜೀವಮಾನವಿಡೀ ತಾನಾಗಿ ಬಾಯಿಗೆ ಬರುತ್ತಿದ್ದದ್ದು, ಬಿಚ್ಚಿ ಹೊಲೀತೀನಿ ಅನ್ನುವುದು, ಅವತ್ತು ಬರಲಿಲ್ಲ. ನೆಲಕ್ಕೆ ಬಿದ್ದ ಗೊಬ್ಬರವನ್ನು ಬಿಚ್ಚುವುದು ಹೇಗೆ? ಮೊದಲ ಸಲ ಅವಳ ಕೈಯಿಂದ ಬಿಚ್ಚಲಾಗದ ತಪ್ಪು ಆಗಿತ್ತು. ಅದೂ ತನ್ನದಲ್ಲದ ವಸ್ತುವಿನ ಮೇಲೆ.

ದೊಡ್ಡಕ್ಕ ಕಿಟಕಿಯ ಕಡೆಗೇ ನೋಡುತ್ತಿದ್ದಳು. "ಬೆಳಕು ಹರಿದಾಗಿಂದ ನೋಡ್ತಾನೇ ಇದೀನಿ" ಅಂದಳು. ಆಮೇಲೆ ಕೇಳಿದಳು: "ಅಷ್ಟು ನೀಟಾಗಿ ಹೆಂಗೇ ಸುಟ್ಟೆ?"

"ಒಂದು ಪಟ್ಟಿ ಮೇಲೆ ಇನ್ನೊಂದು ಪಟ್ಟಿ ಕೂತಿದೆ ಅಕ್ಕಾ. ಒಂದ್ ಕೈಯಗಲ."

"ಯಾಕೆ?"

ಇಂಚಕ್ಕ ತಲೆ ತಗ್ಗಿಸಿದಳು. "ಮಾರ್ಜಿನ್ ಬಿಟ್ಟೆ."

ಮಂಚ ಅಲುಗತೊಡಗಿತು. ದೊಡ್ಡಕ್ಕ ನಗುತ್ತಿದ್ದಳು. ಬಿದ್ದಾಗಿನಿಂದ ನಗದಿದ್ದವಳು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಾ, "ಹೋಗೇ ಆಚೆ, ನಗಿಸ್ಬೇಡ, ಸೊಂಟ ಹಿಡ್ಕೊಳುತ್ತೆ! ಮಾರ್ಜಿನ್ ಬಿಟ್ಟಳಂತೆ!" ಎಂದು ದಿಂಬಿಗೆ ಗುದ್ದಿದಳು. ನಗು ಮುಗಿದದ್ದೇ ತಡ, ಆ ಹಳೆಯ ಗಂಟಲು ಮೈದಾನಕ್ಕೆ ಮರಳಿತು. "ನಿಂತ್ಕೊಂಡು ಏನ್ ನೋಡ್ತಿದ್ದೀಯ? ಪೈಪ್ ಎತ್ಕೋ! ಚಿಮುಕಿಸೋದಲ್ಲ, ನೆಲ ಕುಡೀಬೇಕು. ಬೇರು ದಾಟಿ ಕೆಳಗೆ ಇಳೀಬೇಕು ಆ ಉಪ್ಪು. ಇವತ್ತು, ನಾಳೆ, ನಾಡಿದ್ದು. ನಾನು ಸಾಕು ಅನ್ನೋತನಕ!"

ಪೈಪು ಎತ್ತಿಕೊಂಡಾಗ ಇಂಚಕ್ಕನಿಗೆ ಎಷ್ಟು ಸಂತೋಷವಾಯಿತೆಂದರೆ, ಬೈಸಿಕೊಳ್ಳುತ್ತಿರುವವಳು ತಾನೇ ಅನ್ನುವುದೂ ಮರೆತುಹೋಯಿತು.

ಅಲ್ಲಿಂದ ಮುಂದಿನ ದಿನಗಳಲ್ಲಿ ಅವಳು ದುಡಿದ ರೀತಿ ನೋಡಬೇಕಿತ್ತು. ಗಿರಾಕಿಗಳ ಬಟ್ಟೆಯನ್ನೂ ತಡಮಾಡಲಿಲ್ಲ, ಹುಲ್ಲನ್ನೂ ಬಿಡಲಿಲ್ಲ. ಬೆಳಗ್ಗೆ ಎದ್ದು ನೀರು, ಆಮೇಲೆ ಮಿಷನ್ನು, ಬಿಸಿಲು ಇಳಿದ ಮೇಲೆ ಮತ್ತೆ ಹುಲ್ಲು. ಸತ್ತ ಹುಲ್ಲನ್ನು ಬಾಚಿ ತೆಗೆದಳು. ಗೋಡೆಯಂಚಿನಲ್ಲಿ ಚೆನ್ನಾಗಿದ್ದ ಕಡೆಯಿಂದ ಬೇರುಸಹಿತ ಸಣ್ಣ ಸಣ್ಣ ತುಂಡು ಕಿತ್ತು ತಂದು, ಹರಿದ ಶಾಲಿಗೆ ರಫು ಮಾಡುವ ಹಾಗೆ ಸುಟ್ಟ ಪಟ್ಟೆಯುದ್ದಕ್ಕೂ ಕೂರಿಸಿ, ಬೆರಳಿಂದ ಮಣ್ಣು ಒತ್ತಿದಳು. ಕಿಟಕಿಯಿಂದ "ಎಡಕ್ಕೆ!", "ಹತ್ರ ಹತ್ರ ನೆಡು!", "ಹಿಸುಕ್ಬೇಡ ಅದನ್ನ, ಹಿಟ್ಟಲ್ಲ!" ಎಂದು ಆರ್ಡರ್ ಬರುತ್ತಲೇ ಇತ್ತು. ಅಷ್ಟೂ ಆರ್ಡರ್ ಕೊಡಲು ಮಲಗಿಕೊಂಡರೆ ಆಗುವುದಿಲ್ಲವಲ್ಲ. ದೊಡ್ಡಕ್ಕ ದಿಂಬಿಗೆ ಒರಗಿ ಕೂರಲು ಶುರು ಮಾಡಿದ್ದಳು. ನರ್ಸು ಬಂದಾಗ ಆಶ್ಚರ್ಯಪಟ್ಟು, ಯಾವ ವ್ಯಾಯಾಮ ಮಾಡಿಸಿದಿರಿ ಎಂದು ಕೇಳಿದಳು. ಬೈಯುವ ವ್ಯಾಯಾಮ ಎಂದು ಯಾರೂ ಹೇಳಲಿಲ್ಲ.

ಗೊಬ್ಬರದ ಅಂಗಡಿಗೂ ಹೋಗಿಬಂದಳು. "ನಿಮ್ಮ ತಕ್ಕಡಿ ಸರಿಯಾಗೇ ಇದೆಯಪ್ಪಾ, ನಾನೇ ಮನಸ್ಸಲ್ಲಿ ಕಳ್ಳ ಅಂದ್ಬಿಟ್ಟಿದ್ದೆ" ಎಂದು ಹೇಳಿದಳು. ತನ್ನನ್ನು ಕಳ್ಳ ಅಂದದ್ದೂ ಗೊತ್ತಿಲ್ಲದ, ಕ್ಷಮೆ ಕೇಳಿದ್ದೂ ಏಕೆಂದು ತಿಳಿಯದ ಆ ಮನುಷ್ಯ ಕಕ್ಕಾಬಿಕ್ಕಿಯಾದ. ಈ ಸಲ ನಿಧಾನಕ್ಕೆ ಕರಗುವುದನ್ನು ತೆಗೆದುಕೊಂಡಳು. ಹಸಿರು ಉಳಿದಿದ್ದ ಕಡೆಗೆ ಏನೂ ಬೇಡ, ಅಲ್ಲಿಗೆ ಹೊಟ್ಟೆ ತುಂಬಿದೆ, ನೆಟ್ಟದ್ದು ಬೇರು ಹಿಡಿದ ಮೇಲೆ ಎಲ್ಲಕ್ಕೂ ತೆಳ್ಳಗೆ ಕೊಡೋಣ ಎಂದು ದೊಡ್ಡಕ್ಕನ ತೀರ್ಪಾಗಿತ್ತು.

ಆ ದಿನ ಬಂದಾಗ ದೊಡ್ಡಕ್ಕ ಕಿಟಕಿಯಿಂದ ಕೇಳಿದಳು: "ಬಟ್ಟೆ ನೇಯೋವಾಗ ದಾರ ಹೆಂಗ್ ಹೋಗುತ್ತೆ?"

"ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು."

"ಹಂಗೇ ಹಾಕು. ಅರ್ಧ ಉದ್ದಕ್ಕೆ ನಡ್ಕೊಂಡು, ಇನ್ನರ್ಧ ಅಡ್ಡಕ್ಕೆ ನಡ್ಕೊಂಡು. ಒಂದು ಕಡೆ ಬಿಟ್ಟಿದ್ದು ಇನ್ನೊಂದು ಕಡೆ ತುಂಬ್ಕೊಳುತ್ತೆ. ಹೊಲಿಗೆ ಮರ್ತುಬಿಡು. ನೇಯಿ."

ಹೇಳುವುದು ಸುಲಭ. ಪಟ್ಟಿಯ ಕೊನೆ ಬಂದಾಗಲೆಲ್ಲ ಅವಳ ಬಲಗೈ ಕಳ್ಳ ಬೆಕ್ಕಿನ ಹಾಗೆ ಒಳಗೆ ಸರಿಯುತ್ತಿತ್ತು. ಅದನ್ನು ಎಡಗೈಯಿಂದ ಹಿಡಿದು ದಾರದಾಚೆಗೆ ಎಳೆದು ತಂದು, ಅಂಚಿಗೆ ಅಂಚು ತಾಗಿಸಿ ಉದುರಿಸಿದಳು. ಇಡೀ ಜೀವನ ಅನ್ನ ಕೊಟ್ಟ ಅಭ್ಯಾಸದ ಜೊತೆ ಒಂದು ಬೆಳಗ್ಗೆ ಕುಸ್ತಿ ಹಿಡಿದು ಗೆಲ್ಲುವುದು ಸಣ್ಣ ಮಾತಲ್ಲ. ಗೆದ್ದಳು.

ಆದರೆ ಹುಲ್ಲಿಗೆ ಮೇಸ್ತ್ರಿಯ ಹಾಗೆ ಅವಸರವಿರಲಿಲ್ಲ. ನೆಟ್ಟ ತುಂಡುಗಳು ಬೇರು ಹಿಡಿದಿದ್ದವು, ಕುಡಿ ಚಾಚುತ್ತಿದ್ದವು, ಆದರೂ ಪಟ್ಟೆಗಳು ದೂರಕ್ಕೆ ಕಾಣುತ್ತಲೇ ಇದ್ದವು. ಅಷ್ಟರಲ್ಲಿ ಒಂದು ದಿನ ಗೇಟಿನೆದುರು ಗಾಡಿ ನಿಂತಿತು. ಮೇಸ್ತ್ರಿ ಇಳಿದ. ಹಿಂದೆಯೇ ಸಿಮೆಂಟಿನ ಮೂಟೆಗಳು ಇಳಿದವು.

ಮಿಷನ್ನಿನ ಮುಂದೆ ಕೂತಿದ್ದ ಇಂಚಕ್ಕ ಕುತ್ತಿಗೆಯಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದಳು. ಭಾವ ಹುಲ್ಲಿನಂಚಿನಲ್ಲಿ ನಿಂತಿದ್ದರು. ಪಟ್ಟೆಗಳನ್ನು ಒಂದು ಸಲ, ಅವಳನ್ನು ಒಂದು ಸಲ ನೋಡಿದರು. "ನೀನು ಕಷ್ಟಪಟ್ಟೆಯಮ್ಮ, ಇಲ್ಲ ಅನ್ನಲ್ಲ" ಅಂದರು. "ಆದ್ರೆ ನೀನೇ ಹೇಳಿದ್ದಲ್ವಾ, ಹಸಿರಾಗ್ದೇ ಇದ್ರೆ ಕೀಳಿಸಿ ಅಂತ." ಹೇಳಿದ್ದು ನಿಜ. ಕೊಟ್ಟ ಮಾತಿಗೆ ಒಳಗಡೆ ಒಂದಿಂಚು ಬಿಡುವುದು ಅವಳಿಗೆ ಗೊತ್ತಿರಲಿಲ್ಲ.

ಭಾವ ಕಿಟಕಿಯ ಕಡೆ ತಿರುಗಿ, ಇದೊಂದು ಶಾಸ್ತ್ರ ಮುಗಿಸಿಬಿಡುವವರ ಹಾಗೆ, "ಶುರು ಮಾಡಿಸ್ಲಾ?" ಎಂದು ಹೆಂಡತಿಯನ್ನು ಕೇಳಿದರು.

"ನನ್ನ ಯಾಕ್ರೀ ಕೇಳ್ತೀರಿ?" ಎಂದಳು ದೊಡ್ಡಕ್ಕ ಕಿಟಕಿಯ ಸರಳು ಹಿಡಿದು. "ಹುಲ್ಲು ಅವಳದ್ದು. ಅವಳನ್ನ ಕೇಳಿ."

ಇಂಚಕ್ಕ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ ನಿಂತಳು. ದೊಡ್ಡಕ್ಕ ಮತ್ತೆ ಹೇಳಲಿಲ್ಲ. ಒಂದು ಸಲ ಹೇಳಿದ್ದನ್ನು ಮತ್ತೆ ಹೇಳುವ ಪದ್ಧತಿ ಅವಳದಲ್ಲ. ಮೇಸ್ತ್ರಿ ಗುದ್ದಲಿ ಹಿಡಿದು ಕಾಯುತ್ತಿದ್ದ. ಭಾವ ಅವಳ ಮುಖ ನೋಡುತ್ತಿದ್ದರು.

"ಬೇಡ ಭಾವ" ಅಂದಳು ಅವಳು. "ಪೂರ್ತಿ ಬೇಡ. ಗೋಡೆ ಪಕ್ಕ ಒಂದು ದಾರಿ ಸಾಕು, ಬಾಗಿಲಿಂದ ಗೇಟಿನ ತನಕ. ಪರದೆಗೆ ಅಂಚು ಕಟ್ಟಿದ ಹಾಗೆ." ಹಾಗೆಂದವಳೇ ಒಳಗೆ ಹೋಗಿ ಗಾಲಿ ಕುರ್ಚಿಯ ಅಗಲ ಅಳೆದು ಬಂದು, ಗೋಡೆಯ ಪಕ್ಕ ದಾರ ಎಳೆದೇಬಿಟ್ಟಳು. "ಇಷ್ಟು ಅಗಲ. ಎರಡೂ ಕಡೆ ಒಂದೊಂದು ಕೈ ಹೆಚ್ಚಿಗೆ ಇಟ್ಟಿದ್ದೀನಿ. ಇಲ್ಲಿ ಮಾರ್ಜಿನ್ ಇರ್ಬೇಕು."

ಮೇಸ್ತ್ರಿ ಮೂಗು ಕೆರೆದುಕೊಂಡು, "ಇದು ಬೇಗ ಆಗುತ್ತೆ ಸಾರ್, ಖರ್ಚೂ ಕಮ್ಮಿ" ಅಂದ.

ಭಾವ ಆ ದಾರವನ್ನು ಬಹಳ ಹೊತ್ತು ನೋಡಿದರು. ಅವರಿಗೆ ಅಪಾಯ ಕಾಣಲೇಬೇಕಲ್ಲ, ಕಂಡಿತು. "ಕುರ್ಚಿ ಪಕ್ಕಕ್ಕೆ ಜಾರಿದ್ರೆ? ಅವಳು ಬಿದ್ರೆ?"

"ಹುಲ್ಲಿನ ಮೇಲೆ ಬೀಳ್ತಾರೆ ಭಾವ" ಅಂದಳು ಇಂಚಕ್ಕ. "ಸಿಮೆಂಟಿನ ಮೇಲೆ ಅಲ್ಲ."

ಎಷ್ಟೋ ಜನರ ಕ್ಲೇಮುಗಳನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದವರು ಇದನ್ನು ತಳ್ಳಿಹಾಕಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ದಾರಿ ಮಾತ್ರ ಹಾಕಪ್ಪಾ" ಎಂದು ಮೇಸ್ತ್ರಿಗೆ ಹೇಳಿ, ಉಳಿದ ಮೂಟೆಗಳನ್ನು ಮತ್ತೆ ಗಾಡಿಗೆ ಹತ್ತಿಸಲು ಹೋದರು.

ಇಂಚಕ್ಕ ಕಿಟಕಿಯ ಬಳಿ ಬಂದಳು. ಕಣ್ಣು ತುಂಬಿ, ನೀರು ಕೆನ್ನೆಯ ಮೇಲಿಂದ ಇಳಿಯತೊಡಗಿತು. ದೊಡ್ಡಕ್ಕ ಸರಳಿನ ನಡುವಿಂದ ಕೈ ಚಾಚಿ, ತನ್ನ ಸೆರಗಿನಂಚಿನಿಂದ ಅವಳ ಮುಖವನ್ನು ಒರಟೊರಟಾಗಿ ಒರೆಸಿದಳು.

"ಅಲ್ಲಿ ನಿಂತ್ಕೊಂಡು ಅಳ್ಬೇಡ್ವೇ" ಅಂದಳು. "ಮೊದ್ಲೇ ಉಪ್ಪು ಜಾಸ್ತಿಯಾಗಿ ಸುಟ್ಟಿದೆ ನಿನ್ನ ಹುಲ್ಲು."